ನಂದಿಕೋಲು ಮೊಳೆಯಲ್ಲೇ ಇತ್ತು

ಶಂಕರಪುರಂ, ಬೆಂಗಳೂರು
೯ ಅಕ್ಟೋಬರ್ ೨೦೨೫, ಗುರುವಾರ

ಪ್ರೀತಿಯ ಯಮುನಾ,

ನೀನೂ ಮಗಳು ತೇಜಶ್ರೀಯೂ ಮೈಸೂರಿನಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪಾರ್ಸೆಲ್ ಬಂದು ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಬೈದುಕೋ. ಈ ಅಕ್ಷರ ನೋಡಿ ಯಾರದೋ ಕಾಗದ ಎಂದು ಎತ್ತಿಡಬೇಡ, ನನ್ನದೇ. ಬಲಗೈಗೆ ಇನ್ನೂ ಬ್ಯಾಂಡೇಜ್ ಇದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಸಹಿಸಿಕೋ.

ಸುಟ್ಟಗಾಯದ ಮುಲಾಮು ತಲುಪಿತು. ಜೊತೆಗೆ ಆ ಉದ್ದ ಹಿಡಿಯ ಜಾಲರಿ ಸೌಟೂ, 'ಇನ್ನು ಮೇಲೆ ದೂರ ನಿಂತು ವಡೆ ಕರಿಯೇ ಮಾರಾಯ್ತಿ' ಎಂಬ ನಿನ್ನ ಚೀಟಿಯೂ ತಲುಪಿದವು. ಅತ್ತೆಗೆ ಆ ಸೌಟು ಬಹಳ ಹಿಡಿಸಿದೆ. ಎಣ್ಣೆಯ ವಿಷಯವನ್ನು ಕೊನೆಗೆ ಬರೆಯುತ್ತೇನೆ, ಈಗ ಬೇಡ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಫೋನನ್ನು ಈಗ ಇವರೇ ಎತ್ತಿ, ನನ್ನ ಕಿವಿಗೆ ಹಿಡಿದು, ಮಾತು ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲುತ್ತಾರೆ. ಇವರು ತರಗುಪೇಟೆಯ ಅಂಗಡಿಗೆ ಹೋದರೆ ಅತ್ತೆ ಎದುರಿಗೇ ಕುಳಿತಿರುತ್ತಾರೆ. ನಮ್ಮ ಹ್ಯಾಮ್ ರೇಡಿಯೋದಲ್ಲಿ ಹೇಳಿದರಂತೂ ಅರ್ಧ ಕರ್ನಾಟಕ ಕಿವಿಯಾನಿಸುತ್ತದೆ. ಅದಕ್ಕೇ ಕಾಗದ. ಇವರಿಲ್ಲದಾಗ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಪ್ಪಾಜಿ ಜೋಪಾನ ಮಾಡಿಟ್ಟಿದ್ದ ಆ ಎರಡು ದೊಡ್ಡ ಗಾಜಿನ ರೇಡಿಯೋ ವಾಲ್ವ್‌ಗಳನ್ನು ಇವರು ನಿನ್ನ ಹತ್ತಿರ ಕೇಳಿದ್ದಾರೆ. ನೀನು 'ಆಗಲಿ ಭಾವ, ಹಬ್ಬ ಕಳೆಯಲಿ, ಕಳಿಸ್ತೀನಿ' ಎಂದಿದ್ದೀಯಂತೆ. ಕಳುಹಿಸಬೇಡ ಯಮುನಾ. ಅವು ಈ ಮನೆಗೆ ಬಂದರೆ ನನ್ನ ಗಂಡ ಉಳಿಯುವುದಿಲ್ಲ. ಕೋಪದಲ್ಲಿ ಬರೆದ ಮಾತಲ್ಲ ಇದು, ಹೆದರಿಕೆಯಲ್ಲಿ ಬರೆದದ್ದು.

ನವೆಂಬರ್ ಒಂದಕ್ಕೆ ಹೊರದೇಶದ ಕನ್ನಡಿಗರನ್ನೆಲ್ಲ ಗಾಳಿಯಲ್ಲಿ ಒಟ್ಟು ಸೇರಿಸುತ್ತೇನೆ ಎಂದು ಇವರು ನಾವೆಲ್ಲ ಭಾನುವಾರ ರೇಡಿಯೋದಲ್ಲಿ ಕೂಡುವ ನೆಟ್‌ನಲ್ಲಿ ಡಂಗುರ ಸಾರಿದ್ದನ್ನು ನೀನೂ ಕೇಳಿದ್ದೀಯ. ಅದಕ್ಕಾಗಿಯೇ ಆ ಆಂಪ್ಲಿಫೈಯರ್. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ಈಗ ಅದೇ ಕುಳಿತಿದೆ, ಎರಡು ವಾಲ್ವ್, ಎರಡೂವರೆ ಸಾವಿರ ವೋಲ್ಟ್, ಎತ್ತಲು ಇಬ್ಬರು ಗಂಡಸರು ಬೇಕು. ಸುತ್ತಲಿನ ಮನೆಗಳ ಎಲ್ಇಡಿ ದೀಪ, ಯುಪಿಎಸ್, ಸ್ಕೂಟರ್ ಚಾರ್ಜರ್ ಎಲ್ಲ ಸೇರಿ ನಮ್ಮ ರಿಸೀವರ್‌ನಲ್ಲಿ ದಿನವಿಡೀ ಒಗ್ಗರಣೆ ಸಿಡಿದ ಸದ್ದು. ನಾನು ಒಮ್ಮೆ ಕೇಳಿಯೂಬಿಟ್ಟೆ, "ಬಾಯಿ ದೊಡ್ಡದು ಮಾಡ್ಕೊಂಡ್ರೆ ಕಿವೀನೂ ದೊಡ್ಡದಾಗತ್ತೇನ್ರೀ?"

"ನಾವು ಅವರಿಗೆ ಕೇಳಿಸಿದ್ರೆ ಸಾಕು ಕಣೇ," ಎಂದರು ಇವರು. ಆಗ ನಕ್ಕಿದ್ದೆ.

ನಂದಿಕೋಲು ನಿನಗೆ ನೆನಪಿರಬೇಕು. ಪಿವಿಸಿ ಪೈಪು, ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಯಿಂದ ಅರ್ತ್‌ಗೆ ದಪ್ಪ ವೈರು. ಆ ಹೆಸರಿಟ್ಟವಳು ನೀನೇ. ವೀರಭದ್ರ ದೇವರ ಕೋಲಿನ ಹೆಸರು ಹಿಡಿದು ತಮಾಷೆ ಮಾಡುತ್ತೀರಾ ಎಂದು ಅತ್ತೆ ನಮ್ಮಿಬ್ಬರ ಮೇಲೂ ಮುನಿಸಿಕೊಂಡಿದ್ದರು. ಈಗ ಅವರೇ 'ನಂದಿಕೋಲು ಅಡ್ಡ ಇದೆ, ತೆಗೀರೋ' ಎನ್ನುತ್ತಾರೆ. ಸ್ವಿಚ್ ಆರಿಸಿದರೂ ಕೆಪಾಸಿಟರ್ ಹೊಟ್ಟೆಯಲ್ಲಿ ಉಳಿದಿರುವ ಕರೆಂಟನ್ನು ಆ ಕೋಲು ನೆಲಕ್ಕೆ ಇಳಿಸಬೇಕು, ಆಮೇಲಷ್ಟೇ ಕೈ. ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮವಿದೆ. ಮುಚ್ಚಳ ತೆಗೆದವರು ಕೊಕ್ಕೆ ಸಿಕ್ಕಿಸಿ 'ಕೋಲು ಬಿತ್ತು' ಎನ್ನಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ 'ಕೈ ಹಾಕು' ಎನ್ನಬೇಕು. ಆಗ ಒಂದು ಕೈ ಒಳಗೆ, ಇನ್ನೊಂದು ಜೇಬಿನಲ್ಲಿ. ಒಬ್ಬರೇ ಇದ್ದಾಗ ಮುಚ್ಚಳ ಮುಟ್ಟುವಂತಿಲ್ಲ. ಈ ಕ್ರಮವನ್ನು ನನಗೆ ಕಲಿಸಿದವರು ಇವರು. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಮೀಟರ್ ನಂಬಿ ಕೈ ಚಾಚಿದಾಗ, "ಮೀಟರ್ ಸುಳ್ಳು ಹೇಳತ್ತೆ, ಕೋಲು ಹೇಳಲ್ಲ" ಎಂದು ಗದರಿಸಿದ್ದರು.

ಹೋದ ತಿಂಗಳು ಒಂದು ಮಧ್ಯಾಹ್ನ, ಊಟವಾದ ಮೇಲೆ, ಆ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಪರೀಕ್ಷಿಸುತ್ತಿದ್ದೆವು. ಅತ್ತೆ ಹಾಲ್‌ನಲ್ಲಿ ಮಲಗಿದ್ದರು. ಇವರು ಕರೆಂಟು ಏರಿಸುವ ಗುಂಡಿ ತಿರುಗಿಸುತ್ತಾ ಹೋದರು, ವಾಲ್ವ್‌ಗಳು ಕೆಂಪಗಾದವು. ಇದ್ದಕ್ಕಿದ್ದಂತೆ ಒಂದರೊಳಗೆ ನೀಲಿ ಮಿಂಚು, ಟಪ್ಪೆಂದು ಸದ್ದು. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. "ಥತ್, ವಾಲ್ವ್ ಹೋಯ್ತು. ಫ್ಯೂಸೂ ಹೋಗಿರತ್ತೆ, ನೋಡ್ತೀನಿ ಇರು," ಎನ್ನುತ್ತಾ ಸ್ವಿಚ್ ಆರಿಸಿ ಮುಚ್ಚಳ ತೆಗೆದರು. ನಾನು ಬೆನ್ನು ಮಾಡಿಕೊಂಡು ಮೇಜಿನ ಮೇಲೆ ವೈರಿಗೆ ಸೀಸ ಹಚ್ಚುತ್ತಿದ್ದೆ.

ಹಿಂದಿನಿಂದ "ಕೋಲು ಬಿತ್ತು" ಎಂದು ಕೇಳಿಸಿತು.

ಕೊಕ್ಕೆ ತಾಗಿದರೆ ಟಣ್ ಎನ್ನುತ್ತದಲ್ಲ, ಆ ಸದ್ದು ಬಂದಿರಲಿಲ್ಲ. ತಿರುಗಿ ನೋಡಿದೆ. ನಂದಿಕೋಲು ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಇಷ್ಟು ವರ್ಷ ಹೇಳಿ ಹೇಳಿ ಪಳಗಿದ ನಾಲಿಗೆ ತನ್ನ ಪಾಡಿಗೆ ಹೇಳಿಬಿಟ್ಟಿತ್ತು. ಕಣ್ಣು ಮೀಟರಿನ ಸೊನ್ನೆಯ ಮೇಲಿತ್ತು. ಕೈ ಫ್ಯೂಸಿನ ಹತ್ತಿರ ಹೋಗುತ್ತಿತ್ತು. ಕೂಗಲು ಹೊತ್ತಿರಲಿಲ್ಲ ಯಮುನಾ. ಹಾರಿ ಹೋಗಿ ಇವರ ಮೊಣಕೈಯನ್ನು ತಳ್ಳಿದೆ. ಸಿಡಿಲು ಹೊಡೆದ ಹಾಗೆ ಸದ್ದಾಯಿತು. ಕೋಣೆಯೆಲ್ಲ ಕಮಟು ವಾಸನೆ. ಹಾಲ್‌ನಿಂದ ಅತ್ತೆ, "ಯಾವನೋ ಅವನು, ದೀಪಾವಳಿಗೆ ಇನ್ನೂ ತಿಂಗಳಿದೆ, ಈಗ್ಲೇ ಪಟಾಕಿ" ಎಂದು ಗೊಣಗಿ ಮಗ್ಗುಲು ಬದಲಿಸಿದರು. ಇವರು ನೆಲದ ಮೇಲೆ ಕುಕ್ಕರಿಸಿದ್ದರು. ಇವರ ಮೈಮೇಲೆ ಒಂದು ಗೀರೂ ಇರಲಿಲ್ಲ.

ಆಮೇಲೊಂದು ದಿನ ಇವರು ಅಂಗಡಿಯಲ್ಲಿದ್ದಾಗ, ಕ್ರಮ ಮುರಿದು ಒಬ್ಬಳೇ ಮುಚ್ಚಳ ತೆಗೆದೆ. ನಂದಿಕೋಲು ಸಿಕ್ಕಿಸಿಯೇ ಇಟ್ಟು ಅಳೆದು ನೋಡಿದೆ. ಕರೆಂಟನ್ನು ತಾನಾಗಿ ಇಳಿಸಬೇಕಾದ ರೆಸಿಸ್ಟರ್‌ಗಳು ಯಾವಾಗಲೋ ಕಾದು ಸತ್ತುಹೋಗಿದ್ದವು. ಇನ್ನೂ ಕೆಟ್ಟದ್ದು, ಇವರು ಬರೆದ ಡ್ರಾಯಿಂಗಿನಲ್ಲೇ ತಪ್ಪಿದೆ: ಮೀಟರನ್ನು ಫ್ಯೂಸಿನ ಆಚೆಗೆ ಕೂರಿಸಿದ್ದಾರೆ. ಫ್ಯೂಸ್ ಹೋದರೆ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಈಚೆಗೆ ಕೆಪಾಸಿಟರ್ ತುಂಬಿಕೊಂಡೇ ಇರುತ್ತದೆ. ನಿನಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನೆಟ್‌ನಲ್ಲಿ ನಮ್ಮ ಒಂದು ಪದ್ಧತಿಯಿದೆಯಲ್ಲ, ಕರೆಂಟಿನ ಹೊಡೆತ ತಿಂದವರು ಮುಂದಿನ ಭಾನುವಾರ ಎಲ್ಲರೆದುರು ಒಪ್ಪಿಸಬೇಕು ಎಂದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಆಂಟೆನಾ ವೈರು ಹಿಡಿದ ಕಥೆಯನ್ನು ಓಬಳಪ್ಪನವರು ಹೇಳಿದಾಗ ಎಷ್ಟು ನಕ್ಕಿದ್ದೆವು! ಆದರೆ ಅಂದಿನಿಂದ ಎಲ್ಲರ ಕಾಲಿಗೂ ಚಪ್ಪಲಿ ಬಂತು. ಆ ಪದ್ಧತಿ ಶುರು ಮಾಡಿದವರು ಯಾರು? ಇವರೇ. ಅದಾದ ಮೇಲಿನ ಭಾನುವಾರ ನೀನೂ ನೆಟ್‌ನಲ್ಲಿದ್ದೆ. ಪೆಟ್ಟಿಗೆಯ ಬಗ್ಗೆ ಇವರ ಬಾಯಿಂದ ಒಂದು ಮಾತಾದರೂ ಕೇಳಿದೆಯಾ?

"ಯಾಕ್ರೀ ಹೇಳ್ಲಿಲ್ಲ?" ಎಂದು ಕೇಳಿದೆ.

"ಏನಂತ ಹೇಳ್ಲಿ? ಎಲ್ಲಾರೂ ನನ್ ಡ್ರಾಯಿಂಗ್ ಇಟ್ಕೊಂಡು ಕೂತಿದಾರೆ. ಕೈಲಾಸನೇ ಕೋಲು ಮರೆತ ಅಂದ್ರೆ…"

"ಅಂದ್ರೆ ಅವರು ಮರೆಯಲ್ಲ."

"ಬಿಡು ರಂಜಿ. ಆಗಿದ್ದು ಆಯ್ತು."

ಆಗಿದ್ದು ಆಗಿಲ್ಲ, ಅದೇ ನನ್ನ ಭಯ. ಚಾಮರಾಜಪೇಟೆಯ ಪ್ರಸನ್ನ ಇದೇ ಡ್ರಾಯಿಂಗ್ ನೋಡಿಕೊಂಡು ಇಂಥದೇ ಪೆಟ್ಟಿಗೆ ಕಟ್ಟುತ್ತಿದ್ದಾನೆ. ಆಟೋ ಹಿಡಿದು ಅವನ ಮನೆಗೆ ಹೋದೆ. "ಈ ಕೈ ಇಟ್ಕೊಂಡು ಯಾಕ್ ಬಂದ್ರಿ ಅಕ್ಕಾ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ" ಎಂದು ಕುರ್ಚಿ ಎಳೆದು ಹಾಕಿದ. ಮೀಟರನ್ನು ಫ್ಯೂಸಿನ ಈಚೆಗೆ ತರುವವರೆಗೆ ಸ್ವಿಚ್ ಹಾಕಬೇಡ ಎಂದೆ. ನಕ್ಕ. "ಕೈಲಾಸಣ್ಣನ ಡ್ರಾಯಿಂಗ್ ಅಕ್ಕಾ, ಕಣ್ಮುಚ್ಕೊಂಡು ಮಾಡ್ಬೋದು." ನನ್ನೆದುರಿಗೇ ಇವರಿಗೆ ಫೋನ್ ಮಾಡಿದ, ಸ್ಪೀಕರ್ ಹಾಕಿದ. ನಾನು ಅಲ್ಲಿದ್ದೇನೆಂದು ಇವರಿಗೆ ಗೊತ್ತಿರಲಿಲ್ಲ. "ಅವಳಿಗೆ ಈಗ ಎಲ್ಲಕ್ಕೂ ಗಾಬರಿ ಕಣಪ್ಪಾ. ಡ್ರಾಯಿಂಗ್ ಸರಿಯಾಗೇ ಇದೆ, ನೀನು ಮಾಡು," ಎಂದರು.

ಮೈಯೆಲ್ಲ ಉರಿದುಹೋಯಿತು. ಪ್ರಸನ್ನನ ಪೆಟ್ಟಿಗೆಯಿಂದ ಮೇನ್ಸ್ ವೈರು ಕಿತ್ತು ನನ್ನ ಚೀಲಕ್ಕೆ ತುರುಕಿಕೊಂಡೆ. "ಬೇರೆ ವೈರು ಹಾಕಿದ್ರೆ ನಿನ್ನ ಹೆಂಡ್ತಿಗೆ ಹೇಳ್ತೀನಿ" ಎಂದು ಹೆದರಿಸಿ ಬಂದೆ. ಹೆಂಡತಿಯ ಹೆಸರಿಗೆ ಸ್ವಲ್ಪ ಬಗ್ಗಿದ. ಎಷ್ಟು ದಿನ ಬಗ್ಗಿರುತ್ತಾನೋ ಕಾಣೆ.

ಇವರು ಕೆಟ್ಟವರಲ್ಲ, ನಿನಗೇ ಗೊತ್ತು. ಬೆಳಿಗ್ಗೆ ಕಾಫಿ ಇವರೇ ಬೆರೆಸಿ ತರುತ್ತಾರೆ. ನನ್ನ ತಲೆ ಬಾಚುತ್ತಾರೆ, ಜಡೆ ಹಗ್ಗ ಹೊಸೆದ ಹಾಗಿರುತ್ತದೆ. ಅನ್ನ ಕಲಸಿ ಕೊಡುತ್ತಾರೆ. ಆಯುಧಪೂಜೆಯ ದಿನ ಪೆಟ್ಟಿಗೆಗೆ ವಿಭೂತಿ ಹಚ್ಚಿದರು, ಸೋಲ್ಡರಿಂಗ್ ಐರನ್ನಿಗೂ ಹೂವು ಏರಿಸಿದರು. ನಂದಿಕೋಲಿನ ಮುಂದೆ ಬಂದಾಗ ಹೂವನ್ನು ಅತ್ತೆಯ ಕೈಗೆ ಕೊಟ್ಟು ಆಚೆ ಹೋದರು. ನನಗೆ ಅಯ್ಯೋ ಎನಿಸಿತು. ಆದರೆ ಮೀಟರ್ ಇವತ್ತಿಗೂ ಇದ್ದಲ್ಲೇ ಇದೆ. ಅದನ್ನು ಬದಲಿಸಿದರೆ ಯಾಕೆ ಬದಲಿಸಿದೆ ಎಂದು ಎಲ್ಲರಿಗೂ ಹೇಳಬೇಕಾಗುತ್ತದೆ, ಅದಕ್ಕೇ ಮುಟ್ಟುತ್ತಿಲ್ಲ. ಇವರ ಜೊತೆ ಪೆಟ್ಟಿಗೆಯ ಕೆಲಸಕ್ಕೆ ಈಗ ನಾನು ನಿಲ್ಲುವುದಿಲ್ಲವಾದ್ದರಿಂದ 'ಕೈ ಹಾಕು' ಎನ್ನಲೂ ಯಾರಿಲ್ಲ. ನಿನ್ನ ವಾಲ್ವ್ ಬಂದ ದಿನವೇ ಸ್ವಿಚ್ ಹಾಕುತ್ತಾರೆ. ಒಬ್ಬರೇ.

ಎಂದೆಂದಿಗೂ ಕೊಡಬೇಡ ಎಂದು ನಾನು ಹೇಳುತ್ತಿಲ್ಲ. ಆ ಮಧ್ಯಾಹ್ನ ಏನಾಯಿತೆಂದು ಇವರು ನೆಟ್‌ನಲ್ಲಿ ತಮ್ಮ ಬಾಯಿಂದಲೇ ಒಪ್ಪಿಸಲಿ, ಅದನ್ನು ನೀನು ನಿನ್ನ ಕಿವಿಯಿಂದ ಕೇಳು, ಆಮೇಲೆ ಕಳುಹಿಸು. ಒಪ್ಪಿಸಿದವರು ಇನ್ನೊಮ್ಮೆ ಕೋಲು ಮರೆಯುವುದಿಲ್ಲ ಎಂಬ ನಂಬಿಕೆ ನನಗಿದೆ. ಮುಚ್ಚಿಟ್ಟವರ ಬಗ್ಗೆ ಇಲ್ಲ. ಅಲ್ಲಿಯವರೆಗೆ ಏನಾದರೂ ನೆಪ ಹೇಳು. ಅಟ್ಟದ ಬೀಗದ ಕೈ ಸಿಗುತ್ತಿಲ್ಲ ಎನ್ನು.

ತೇಜಶ್ರೀ ಮೋರ್ಸ್ ಕೋಡ್ ಕಲಿಯುತ್ತಿದ್ದಾಳೆಂದು ಕೇಳಿ ಸಂತೋಷವಾಯಿತು. ಅವಳಿಗೆ ನನ್ನ ಆಶೀರ್ವಾದ, ಒಳ್ಳೆಯದಾಗಲಿ. ಎರಡೂ ಕೈಯಲ್ಲಿ ಕೀ ಒತ್ತುವುದನ್ನು ಕಲಿಸು. ಈ ಕಾಗದಕ್ಕೆ ಉತ್ತರ ಬರೆಯಬೇಡ, ಭಾನುವಾರ ನೆಟ್‌ನಲ್ಲಿ ಸುಮ್ಮನೆ 'ಸೌಟು ತಲುಪಿತಾ' ಎಂದು ಕೇಳು, ಕಾಗದ ಸಿಕ್ಕಿದೆ ಎಂದು ತಿಳಿದುಕೊಳ್ಳುತ್ತೇನೆ. ನೀನು ಚೆನ್ನಾಗಿರು.

ಗಾಳಿಯಲ್ಲಿ 'ಪ್ರೀತಿ, ಮುತ್ತು' ಎಂಬುದಕ್ಕೆ ನಾವು ಹೇಳಿಕೊಳ್ಳುತ್ತಿದ್ದ ಎಂಬತ್ತೆಂಟನ್ನು ಕಾಗದದಲ್ಲೇ ಹೇಳುತ್ತಾ,

ನಿನ್ನ
ರಂಜಿ
(ಶಿವರಂಜಿನಿ)

ಮರೆತಿಲ್ಲ, ಎಣ್ಣೆಯ ವಿಷಯ: ಆ ದಿನ ನಮ್ಮ ಒಲೆಯ ಮೇಲೆ ಬಾಣಲೆಯೇ ಇರಲಿಲ್ಲ. ಇವರ ಕೈ ತಳ್ಳಿದ ರಭಸಕ್ಕೆ ನನ್ನ ಬೆರಳು ಫ್ಯೂಸಿಗೆ ತಾಗಿತು. ಬಳೆ ಪೆಟ್ಟಿಗೆಯ ಅಂಚಿಗೆ ಒತ್ತಿಕೊಂಡಿತ್ತು, ಕರೆಂಟು ಅಲ್ಲಿಂದಲೇ ಹೊರಟುಹೋಯಿತು, ಎದೆಗೆ ಏರಲಿಲ್ಲ. ಬಳೆ ಬಿಚ್ಚಿಡು ಎಂದು ಇವರು ಎಷ್ಟು ಸಲ ಬೈದಿದ್ದರು! ಮಣಿಕಟ್ಟಿನ ಸುತ್ತ ಬಳೆಯಗಲದ ಕಪ್ಪು ಗುರುತು ಉಳಿದಿದೆ. ತೋರುಬೆರಳಿನ ತುದಿಯನ್ನು ತೆಗೆಯಬೇಕಾಯಿತು, ನಡುಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ. ಕಾಲೇಜಿನಲ್ಲಿ ನಿನ್ನ ಅಂಗೈ ಮೇಲೆ ಮೋರ್ಸ್ ತಟ್ಟುತ್ತಿದ್ದ ಬೆರಳುಗಳೇ ಅವು. ಗಾಳಿಯಲ್ಲಿ ಕರೆಗುರುತು ಹೇಳುವ ಮೊದಲೇ 'ಇದು ರಂಜಿಯ ಕೈ' ಎಂದು ಗುರುತಿಸುತ್ತಿದ್ದೆಯಲ್ಲ, ಆ ಕೈ ಇನ್ನಿಲ್ಲ. ಅದನ್ನಾದರೂ ತಡೆದುಕೊಂಡೇನು. ಆ ಭಾನುವಾರ ಪ್ರಸನ್ನ "ಅಕ್ಕನ ಸದ್ದೇ ಇಲ್ವಲ್ಲಣ್ಣ" ಎಂದಾಗ ನಾನು ಇವರ ಪಕ್ಕದಲ್ಲೇ, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕುಳಿತಿದ್ದೆ. ಇವರು ಮೈಕ್ ಒತ್ತಿ, "ವಡೆ ಕರೀವಾಗ ಎಣ್ಣೆ ಹಾರ್ತು ಕಣಪ್ಪಾ, ಹೆಂಗಸರ ಅವಸರ" ಎಂದರು. ನನ್ನ ಮುಖ ನೋಡಲಿಲ್ಲ. ನೀವೆಲ್ಲ ಒಬ್ಬೊಬ್ಬರಾಗಿ ಹುಷಾರು ಹೇಳಿದಿರಿ. ಇವರ ಪ್ರಾಣ ಉಳಿಸಿದ ಕೈಯನ್ನು ಇವರು ಬಾಣಲೆಗೆ ಅದ್ದಿಬಿಟ್ಟರು ಯಮುನಾ. ನೀನು ಕಳುಹಿಸಿದ ಜಾಲರಿ ಸೌಟನ್ನು ಅತ್ತೆ ಅಡುಗೆಮನೆಯಲ್ಲಿ ಇಟ್ಟಿದ್ದರು. ನಾನು ಅದನ್ನು ತಂದು ಆ ಕೋಣೆಯ ಗೋಡೆಯಲ್ಲಿ, ನಂದಿಕೋಲಿನ ಮೊಳೆಗೇ ತೂಗುಹಾಕಿದ್ದೇನೆ. ಇವರು ದಿನಾ ನೋಡುತ್ತಾರೆ. ಇಲ್ಲಿ ಯಾಕಿದೆ ಎಂದು ಇನ್ನೂ ಕೇಳಿಲ್ಲ.