ಚೆಂಡು ಬರುವ ಮೊದಲು

ಖಾನಾಪುರ
೧೨ ಡಿಸೆಂಬರ್ ೨೦೨೫

ಸಾಕ್ಷಿಯ ಅಪ್ಪನವರಿಗೆ,

ನಮಸ್ಕಾರ. ನೀವು ಮನೆ ಬಿಟ್ಟ ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನನ್ನ ಸಿಟ್ಟು ಅರ್ಧ ಇಳಿದುಬಿಡುತ್ತದೆ. ಈ ಸಲ ಇಳಿಯಬಾರದು.

ನೇರವಾಗಿ ಕೇಳುತ್ತೇನೆ. ನನಗೆ ಗೊತ್ತಿಲ್ಲದಂತೆ ನಮ್ಮ ಮಗಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೀರಾ?

ಅವಳು ಈಗ ಕಾಲೇಜಿಗೂ ಆಟಕ್ಕೂ ದಿನಾ ನಿಮ್ಮ ಬೆಳಗಾವಿಗೆ ಬರುತ್ತಾಳೆ. ಗುರುವಾರ ಬಂತೆಂದರೆ ಮನೆಗೆ ತಡ. ಕೇಳಿದರೆ ರೈಲು ತಡವಂತೆ! ಸ್ಟೇಷನ್ನಿನ ಹತ್ತಿರವೇ ಮನೆ ಇರುವ ನನಗೆ ರೈಲು ಬಂದದ್ದು ಕೇಳಿಸುವುದಿಲ್ಲವೇ? ಅದಕ್ಕೇ ನಿನ್ನೆ ಅವಳಿಗೆ ಹೇಳದೆ ಬೆಳಗಾವಿಯ ಮೈದಾನಕ್ಕೆ ಅವಳ ಪಂದ್ಯ ನೋಡಲು ಹೋದೆ.

ಚೆಂಡು ಇನ್ನೂ ಅವಳ ಕಾಲಿಗೆ ಬಂದಿರಲಿಲ್ಲ. ಕತ್ತು ತಿರುಗಿಸಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹಿಂದೆ ನೋಡಿಕೊಂಡಳು. ಚೆಂಡು ಬಂದದ್ದೇ ತಡ, ಹಿಂದಿನಿಂದ ಮೈಮೇಲೆ ಬರುತ್ತಿದ್ದ ಎತ್ತರದ ಹುಡುಗಿಯನ್ನು ಬೆನ್ನಿಗೆ ಕಣ್ಣಿದ್ದವಳಂತೆ ತಪ್ಪಿಸಿ ಹೊರಟೇಬಿಟ್ಟಳು. ಆಟ ಮುಗಿಯುವವರೆಗೂ ಹಾಗೇ ಮಾಡಿದಳು.

ಆಮೇಲೆ ಅವಳ ಕೋಚ್ ಮಧುಕರ ಸರ್ ನನ್ನ ಗುರುತು ಹಿಡಿದು ಬಂದರು. "ಓಡೂದು, ಒದಿಯೂದು ಕಲಿಸಬಹುದ್ರಿ ಅಕ್ಕಾರ. ತನಗಿಂತ ಛಲೋ ಜಾಗಾದಾಗ ನಿಂತಾಕಿಗೆ ಚೆಂಡು ಬಿಟ್ಟುಕೊಡೂದೂ ತಿಳಿಸಿ ಹೇಳಬಹುದು. ಆದ್ರ ಚೆಂಡು ಬರೂ ಮೊದಲ ಹಿಂದ ಯಾರ ಅದಾರ ಅಂತ ನೋಡೂದು ಐತೆಲ್ಲ, ಅದು ದೊಡ್ಡ ಆಟಗಾರರ ಗುಣ. ಖರೇ ಹೇಳ್ತೀನಿ, ನಾ ಕಲಿಸಿಲ್ಲ. ಯಾರೋ ಬೆನ್ನು ಹತ್ತಿ ರೂಢಿ ಮಾಡಿಸ್ಯಾರ" ಎಂದರು. ರಾಜ್ಯ ತಂಡದ ಆಯ್ಕೆಗೆ ಅವಳ ಹೆಸರು ಕಳಿಸುತ್ತಾರಂತೆ. ಸಂತೋಷಪಡುವ ಬದಲು ನಾನು ಆ 'ಯಾರೋ' ಎಂಬ ಮಾತನ್ನೇ ಹಿಡಿದು ಮನೆಗೆ ಬಂದೆ.

ಯಾರೋ ಅಂದರೆ ಯಾರು? ನಮ್ಮ ಮನೆಯಲ್ಲಿ ಫುಟ್‌ಬಾಲ್ ಆಡಿದವರು ನೀವೊಬ್ಬರೇ. ಹೋದ ವಾರ ಅವಳ ಚೀಲದಲ್ಲಿ, ನೀವು ಮೊದಲು ಅವಳಿಗೆ ತರುತ್ತಿದ್ದಂಥ ಸಿಹಿ ಕುಂದಾದ ಪೊಟ್ಟಣ ಸಿಕ್ಕಿತು. ಗೆಳತಿ ಕೇತಕಿ ಕೊಟ್ಟಳೆಂದಳು. ಕೇತಕಿಯನ್ನು ಕೇಳಿದರೆ ತಲೆ ತಗ್ಗಿಸಿದಳು. ರವಿವಾರ ಪೇಟೆಯ ನಿಮ್ಮ ಬೆಲ್ಲದ ಅಂಗಡಿ ಆ ಮೈದಾನದಿಂದ ಎಷ್ಟು ದೂರ ಎನ್ನುವುದು ನನಗೂ ಗೊತ್ತಿದೆ.

ಹೆಂಡತಿಯ ಸಂಶಯ ತಾಳಲಾರದೆ ಮನೆ ಬಿಟ್ಟೆ ಎಂದು ಎಲ್ಲರ ಮುಂದೆ ಹೇಳಿದಿರಿ. ಹೇಳಿಕೊಳ್ಳಿ. ಈಗ ಸಂಶಯಪಡದೆ ಹೇಗಿರಲಿ? ಇವತ್ತು ಆಟ ಕಲಿಸುತ್ತೀರಿ. ನಾಳೆ, ದಿನಾ ಈ ರೈಲಿನ ತಿರುಗಾಟ ಯಾಕೆ, ಇಲ್ಲೇ ಇರು ಅನ್ನುತ್ತೀರಿ. ಅವಳು ಹೂಂ ಅಂದುಬಿಟ್ಟರೆ ನಾನು ಯಾರಿಗೆ ರೊಟ್ಟಿ ಬಡಿಯಲಿ? ನನಗೆ ಭಯವಾಗಿದೆ. ಕಲಿಸಿದವರು ನೀವೇ ಆಗಿದ್ದರೆ ಒಪ್ಪಿಕೊಂಡು ಎರಡು ಸಾಲು ಬರೆಯಿರಿ.

ಇಂತಿ,
ಪೂರ್ಣಿಮಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಸಾಕ್ಷಿಯನ್ನೇ ಕೇಳಿದೆ. ಕುಂದಾ ಕೊಟ್ಟವರು ನೀವೇ ಎಂದು ಒಪ್ಪಿಕೊಂಡಳು. ಗುರುವಾರ ನಿಮ್ಮ ಅಂಗಡಿಗೆ ಬಂದು ಹೋಗುತ್ತಾಳಂತೆ. ಆದರೆ ಹಿಂದೆ ನೋಡುವುದನ್ನು ಕಲಿಸಿದ್ದೂ ಅಪ್ಪನೇ ಏನು ಎಂದಾಗ ಜೋರಾಗಿ ನಕ್ಕಳು. "ನಿನ್ನಿಂದನ ಕಲತೀನಿ ಅವ್ವಾ. ನಾ ಸಣ್ಣಾಕಿ ಇದ್ದಾಗ ನನ್ನ ಕೈ ಹಿಡಕೊಂಡು ಸಂತಿಗೆ ಹೊಂಟರ, ಬಿಟ್ಟುಹೋದ ಅಪ್ಪ ತಿರುಗಿ ಬಂದನೇನೋ ಅಂತ ಹೆಜ್ಜಿಹೆಜ್ಜಿಗೂ ಹಿಂದ ನೋಡತಿದ್ದಿ. ನಿನ್ನ ಜೋಡಿ ನಾನೂ ನೋಡತಿದ್ದೆ" ಎಂದಳು.

ನನಗೇ ಹೊಳೆಯಬೇಕಿತ್ತು. ನೀವು ಎಷ್ಟು ಚೆಂದ ಓಡುತ್ತಿದ್ದರೂ ಮೈದಾನದಲ್ಲಿ ಒಮ್ಮೆಯೂ ಹಿಂದೆ ನೋಡಿದವರಲ್ಲ. ಮನೆ ಬಿಟ್ಟ ದಿನವೂ ನಾನು ಬಾಗಿಲಲ್ಲೇ ನಿಂತಿದ್ದೆ; ನೀವು ತಿರುಗಿ ನೋಡಲಿಲ್ಲ.

ಪತ್ರವನ್ನು ಹರಿಯದೆ ಹಾಗೇ ಕಳಿಸುತ್ತಿದ್ದೇನೆ. ಮುಂದಿನ ರವಿವಾರ ಅವಳ ಪಂದ್ಯ ಇಲ್ಲೇ ಖಾನಾಪುರದಲ್ಲಿದೆ. ಬರುವುದಾದರೆ ಬನ್ನಿ. ನಾನು ಹೇಗೂ ಹಿಂದೆ ನೋಡುತ್ತಲೇ ಇರುತ್ತೇನೆ.