ಕಣ್ಣೀರಿನ ಕಾಲಂ

ನವೆಂಬರ್ 3, ಸೋಮವಾರ. ಸಂಜೆ 6.30

ಇವತ್ತು ಹನ್ನೊಂದು ಕವನ ಮುಗಿದವು. ಇನ್ನೂ ಮೂವತ್ತು. ತಲೆ ಚಿಟ್ಟು ಹಿಡಿದಿದೆ.

ಇದು ಹೆಡ್‌ಮಾಸ್ಟರರ ಐಡಿಯಾ. ಒಂಬತ್ತನೆಯ ತರಗತಿಯ ಪಾಲಕರು ತಾವು ಪಟ್ಟ ಕಷ್ಟವನ್ನು ಮಕ್ಕಳಿಗೆ ಹೇಳುವಂತೆ ಒಂದೊಂದು ಕವನ ಬರೆಯಬೇಕಂತೆ. ಹದಿನೈದಕ್ಕೆ ಪಾಲಕರ ಸಭೆಯಲ್ಲಿ ಬಹುಮಾನ, ಆಮೇಲೆ ಪುಸ್ತಕ. ಎಲ್ಲವನ್ನೂ ಹೋಲಿಸಿ, ತೂಗಿ, ಅಂಕ ಹಾಕುವ ಕತ್ತೆ ಯಾರು? ಕನ್ನಡ ಮಾಸ್ತರ. ಅಂದರೆ ನಾನು.

ಅರ್ಧಕ್ಕರ್ಧ ವಾಟ್ಸಾಪಿನಿಂದ ಇಳಿದವು. ಮೂರು ಕವನಗಳಲ್ಲಿ ಒಂದೇ ಮೇಣದಬತ್ತಿ ಕರಗಿದೆ. ಒಬ್ಬ ಮಹಾಶಯರು ‘ಫಾರ್ವರ್ಡೆಡ್’ ಎಂಬುದನ್ನೂ ಮುದ್ದಾದ ಅಕ್ಷರದಲ್ಲಿ ನಕಲು ಮಾಡಿದ್ದಾರೆ.

ತಕ್ತೆ ಹಾಕಿಕೊಂಡಿದ್ದೇನೆ. ಐದು ಕಾಲಂ, ಒಂದೊಂದಕ್ಕೆ ಹತ್ತು ಅಂಕ. ಕೊನೆಯದು — ತಂದೆಯಾದರೆ ಬೆವರು, ತಾಯಿಯಾದರೆ ಕಣ್ಣೀರು. ಇದನ್ನೇ ಹೋದ ತಿಂಗಳು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದ್ದೆ. ಪರೀಕ್ಷೆಗೂ ಅನುಕೂಲ.

ಮಗಳು ಗಾರ್ಗಿ ಕಾಲೇಜಿನಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಫಿಸಿಕ್ಸ್ ಟೆಸ್ಟಿನಲ್ಲಿ ಎಷ್ಟು ಬಂತು ಅಂತ ಈಚೆಯಿಂದಲೇ ಕೇಳಿದೆ. ಈಗ ಕೇಳಬೇಡಿ ಎಂದು ಹೆಂಡತಿ ರಜನಿ ಕಣ್ಣು ಬಿಟ್ಟಳು. ಟಿವಿಯ ದನಿ ಏರಿಸಿ ಮತ್ತೆ ಕವನ ಹಿಡಿದೆ.

ನವೆಂಬರ್ 5, ಬುಧವಾರ. ಬೆಳಿಗ್ಗೆ

ಪುಸ್ತಕದ ಮೊದಲ ಪುಟಕ್ಕೆ ನನ್ನದೇ ಕವನ ಬೇಕಂತೆ. ನಾನೂ ಪಾಲಕನಲ್ಲವೇ! ಹತ್ತು ನಿಮಿಷದಲ್ಲಿ ಬರೆದು ಒಗೆದೆ.

ಮುಳ್ಳಿನ ಹಾದಿಯಲಿ ಬರಿಗಾಲ ನಡೆದೆ ಮಗಳೆ,
ಬೆವರನೇ ಎಣ್ಣೆಯೆರೆದು ದೀಪ ಹಚ್ಚಿದೆ...

ಅವಲಕ್ಕಿ ತಿನ್ನುತ್ತಿದ್ದ ಗಾರ್ಗಿಗೆ ಓದಿ ತೋರಿಸಿದೆ.

“ಅಪ್ಪಾ, ನೀ ಯಾವಾಗ ಬರಿಗಾಲಿಲೆ ನಡದಿದ್ದಿ? ಅಜ್ಜ ಲೂನಾ ಕೊಡಿಸಿದ್ದಾ ಅಂತಿದ್ದಿಯಲ್ಲ?”

ರೂಪಕ ಅಂದೆ. ಎಷ್ಟು ಮಾರ್ಕ್ಸಿಗೆ ಅಂತ ಕೇಳಿ ಬ್ಯಾಗು ಏರಿಸಿಕೊಂಡು ಹೋದಳು. ಮೈ ಉರಿಯಿತು.

ಕಷ್ಟ ಇರಲಿಲ್ಲವೆಂದಲ್ಲ. ಪಿಯುಸಿಯಲ್ಲಿ ಫೇಲಾಗಿದ್ದೆ. ಪಾಸಾದೆ ಎಂದು ಅಪ್ಪನಿಗೆ ಸುಳ್ಳು ಹೇಳಿ, ಎರಡು ತಿಂಗಳು ದಿನಾ ಕಾಲೇಜಿಗೆಂದು ಡಬ್ಬಿ ಹಿಡಿದು ಹೊರಟು ಕೆಲಗೇರಿ ಕೆರೆಯ ದಂಡೆಯಲ್ಲಿ ಕೂತು ಉಂಡು ಬರುತ್ತಿದ್ದೆ. ರಜನಿಗೂ ಗೊತ್ತಿಲ್ಲ. ಅದನ್ನು ಮಗಳಿಗೆ ಹೇಳುವುದೇ? ಮುಳ್ಳೇ ವಾಸಿ.

ನವೆಂಬರ್ 8, ಶನಿವಾರ

ಸಿಕ್ಕಿತು! ನಲವತ್ತೊಂದರಲ್ಲಿ ಒಂದಾದರೂ ಸಿಕ್ಕಿತು. ಮುಷರಫನ ತಾಯಿ ಶರೀಫಾಬಿಯದು. ಹೆಬ್ಬಳ್ಳಿ ಅಗಸಿಯ ಹತ್ತಿರ ಹತ್ತಿ ಹಿಂಜಿ ಗಾದಿ ಹೊಲಿಯುತ್ತಾರೆ. ಓದು ಬರಹ ಬರುವುದಿಲ್ಲ. ಕೆಳಗೆ ‘ಅವ್ವ ಹೇಳಿದ್ದು, ನಾನು ಬರೆದದ್ದು’ ಎಂದು ಹುಡುಗ ಬರೆದಿದ್ದಾನೆ.

ಹತ್ತಿ ಹಿಂಜಿದೆ ಮಗನ, ಹತ್ತೂರ ಗಾದಿ ಹೊಲಿದೆ,
ಧೂಳು ಬಡಿದೀತಂತ ನಿನ್ನ ಹೊರಗ ಮಲಗಿಸಿದೆ.
ನೀ ನಕ್ಕರೆ ಸಾಕೆಂದು ಕಣ್ಣೀರ ಕುಡಿದೆ,
ಕತ್ತಲಲಿ ಕುಳಿತು ನಾನೊಬ್ಬಳೇ ಅತ್ತೆ.

ಐವತ್ತಕ್ಕೆ ನಲವತ್ತಾರು. ಕಣ್ಣೀರಿನ ಕಾಲಂನಲ್ಲಿ ಹತ್ತಕ್ಕೆ ಹತ್ತು.

ಮುಷರಫನನ್ನು ಕರೆದು ಹೇಳಿದೆ. ಹಿಗ್ಗಲಿಲ್ಲ. ಸಭೆಯಲ್ಲಿ ಓದಲೇಬೇಕೇ ಎಂದು ಎರಡು ಸಲ ಕೇಳಿದ. ನಾಚಿಕೆ ಅಂದುಕೊಂಡೆ.

ನವೆಂಬರ್ 15, ಶನಿವಾರ. ಸಂಜೆ

ಮಾನ ಹೋಯಿತು. ನನ್ನದೇ ಹೋಯಿತು, ಹೋಗಬೇಕಾದ್ದೇ.

ಕವನ ನಾನೇ ಓದಿದೆ, ದನಿ ನಡುಗಿಸಿ. ಚಪ್ಪಾಳೆ. ಮುಂದಿನ ಸಾಲಿನವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೆಡ್‌ಮಾಸ್ಟರರು ಶಾಲು ಬಿಚ್ಚಿ ಹಿಡಿದು ಶರೀಫಾಬಿಯವರನ್ನು ಕರೆದರು. ಬಂದರು. ಶಾಲಿಗೆ ತಲೆ ಬಾಗಿಸಲಿಲ್ಲ. ನನ್ನ ಕಡೆ ತಿರುಗಿದರು.

“ಸರ, ಇದು ನಾ ಹೇಳಿದ್ದಲ್ರಿ. ನಾ ಅತ್ತಿಲ್ಲ.”

ಮೆಲ್ಲಗೇ ಅಂದರು. ಆದರೆ ಮೈಕು ಹತ್ತಿರವಿತ್ತು. ಇಡೀ ಹಾಲ್ ಕೇಳಿತು. ಮುಷರಫ ಹಿಂದಿನ ಬಾಗಿಲಿನಿಂದ ಓಡಿಹೋದ.

ನವೆಂಬರ್ 16, ರವಿವಾರ

ಬೈರಿದೇವರಕೊಪ್ಪದಿಂದ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ, ಶರೀಫಾಬಿಯವರ ಅಂಗಡಿಗೆ ಹೋದೆ. ರವಿವಾರವೂ ಮಷೀನು ನಡೆದಿತ್ತು. ನಾನು ಕೂಗಿದ್ದು ಅವರಿಗೆ ಕೇಳಲಿಲ್ಲ. ಮೂರನೆಯ ಸಲಕ್ಕೆ ಬಂದ್ ಮಾಡಿ, ಹತ್ತಿ ಝಾಡಿಸಿಕೊಂಡು, ಹೊಸ ಗಾದಿಯೊಂದರ ಮೇಲೆ ನನ್ನನ್ನು ಕೂಡಿಸಿದರು. ಚಹಾ ಕೊಟ್ಟರು. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ, ಅವರು ಬೈಯಲಿಲ್ಲ. ಅದು ಇನ್ನೂ ಕಷ್ಟ.

ಮುಷರಫ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದ. ಯಾಕಪ್ಪಾ ಬದಲಿಸಿದೆ ಅಂದೆ. ತಲೆ ಎತ್ತದೇ ಅಂದ: “ತಾಯಿ ಅಂದ್ರ ಕಣ್ಣೀರು ಅಂತ ನೀವ ಬರಸಿದ್ರಲ್ರಿ ಸರ.”

ಅಷ್ಟೇ ಅಲ್ಲ. ಅವ್ವ ಹೇಳಿದ್ದನ್ನು ಹಾಗೇ ಬರೆದರೆ ಜನ ಅವಳನ್ನು ಆಡಿಕೊಳ್ಳುತ್ತಾರೆ ಎಂದು ಅವನಿಗೆ ಹೆದರಿಕೆ. ಶರೀಫಾಬಿ ಮೂಲ ಸಾಲುಗಳನ್ನು ಹೇಳಿದರು, ಬರೆದುಕೊಂಡೆ. ಮೊದಲೆರಡು ಸಾಲು ಅವೇ. ಆಮೇಲೆ:

ನೀ ಅತ್ತಿ, ಮಷೀನ ಸಪ್ಪಳ, ನನಗ ಕೇಳಲಿಲ್ಲ.
ಎಷ್ಟೊತ್ತು ಅತ್ತಿಯೋ ಮಗನ, ಇಂದಿಗೂ ತಿಳಿದಿಲ್ಲ.

“ಅತ್ತಾಂವ ಇಂವ ರೀ ಸರ, ನಾ ಅಲ್ಲ. ಹತ್ತಿ ಹಿಂಜೂದೇನು ಕಷ್ಟ? ಮಷೀನ ಬಂದ್ ಮಾಡಿ ಹೊರಗ ಬಂದ್ರ ಕೂಸಿನ ದನಿ ಬಿದ್ದಹೋಗಿತ್ತು. ಇದನ್ನ ಇಂವಗ ಹೇಳಬೇಕಂತ ಹದಿನಾಕು ವರ್ಸ ಕಾದಿದ್ದೆ. ನೀವು ಕೇಳಿದ್ರಂತ ಹೇಳಿದೆ. ಇಂವ ನಂದು ತಗದು ನಿಮ್ಮದು ಹಾಕ್ಯಾನ.”

ಪುಸ್ತಕದಲ್ಲಿ ಇದನ್ನು ಹಾಕಬೇಕು, ಇಲ್ಲವಾದರೆ ತನ್ನ ಹೆಸರೇ ಬೇಡ ಎಂದರು.

ನವೆಂಬರ್ 18, ಮಂಗಳವಾರ

ಹೆಡ್‌ಮಾಸ್ಟರರ ಜೊತೆ ಒಂದು ತಾಸು ಗುದ್ದಾಟ. ಬಹುಮಾನ ಘೋಷಿಸಿ ಆಗಿದೆ, ಪೇಪರಿನಲ್ಲಿ ಬಂದಿದೆ, ಜನರ ಕಣ್ಣಲ್ಲಿ ನೀರು ಬಂದಿದೆ, ಇದ್ದದ್ದು ಇರಲಿ ಎಂಬುದು ಅವರ ವಾದ. ಆಮೇಲೆ ನನ್ನದೇ ತಕ್ತೆ ತೆಗೆದು ನನ್ನ ಮುಂದಿಟ್ಟರು.

“ಕುಲಕರ್ಣಿಯವರ, ಈ ಖರೇ ಕವನಕ್ಕ ನೀವ ಮಾರ್ಕ್ಸ್ ಹಾಕ್ರಿ ನೋಡೋಣ.”

ಹಾಕಿದೆ. ಕಣ್ಣೀರಿಗೆ ಸೊನ್ನೆ. ಪ್ರಾಸಕ್ಕೆ ಆರು. ಒಟ್ಟು ಮೂವತ್ತೊಂದು, ಹತ್ತೊಂಬತ್ತನೆಯ ಸ್ಥಾನ. ಮೇಣದಬತ್ತಿಗಿಂತ ಕೆಳಗೆ! ಇಪ್ಪತ್ತೆರಡು ವರ್ಷದಿಂದ ಇದನ್ನೇ ಕಲಿಸಿದ್ದೇನೆ. ತಕ್ತೆಯನ್ನು ಅಲ್ಲೇ ಹರಿದೆ. ಖರೇ ಸಾಲು ಬರದಿದ್ದರೆ ಸಂಪಾದಕ ಅಂತ ನನ್ನ ಹೆಸರೂ ಬೇಡ ಎಂದು ಎದ್ದು ಬಂದೆ. ಸಿಟ್ಟು ಅವರ ಮೇಲಲ್ಲ.

ನವೆಂಬರ್ 20, ಗುರುವಾರ. ಸಂಜೆ 7

ಪ್ರೂಫ್ ಬಂತು. ಹೆಡ್‌ಮಾಸ್ಟರರು ಸೋತಿದ್ದಾರೆ. ಶರೀಫಾಬಿಯವರ ನಾಲ್ಕು ಸಾಲು ಅವರು ಹೇಳಿದ ಹಾಗೇ ಇವೆ. ಇವತ್ತು ಕ್ಲಾಸಿನಲ್ಲಿ ಅದನ್ನು ಮುಷರಫನೇ ಓದಿದ, ತಡವರಿಸುತ್ತ. ಯಾರೂ ಆಡಿಕೊಳ್ಳಲಿಲ್ಲ.

ನನ್ನ ಮುಳ್ಳಿನ ಹಾದಿ ಕಿತ್ತುಹಾಕಿದೆ. ಮೊದಲ ಪುಟ ಖಾಲಿ. ನಾಳೆ ಹತ್ತಕ್ಕೆ ಏನಾದರೂ ಕೊಡಬೇಕೆಂದು ಪ್ರೆಸ್ಸಿನವರ ಫೋನು. ಕೂತಿದ್ದೇನೆ. ರಜನಿ ಸಂತೆಗೆ ಹೋಗಿದ್ದಾಳೆ. ಗಾರ್ಗಿ ಎಂದಿನಂತೆ ಒಳಗೆ. ಎರಡು ವಾರದಿಂದ ಆ ಬಾಗಿಲು ಹಾಗೇ ಇದೆ. ಈಚೆಯಿಂದ ಮಾರ್ಕ್ಸ್ ಕೇಳಿದ್ದೇ ಹೊರತು ನಾನದನ್ನು ತಟ್ಟಿಲ್ಲ.

‘ಗಾರ್ಗಿ, ಪಿಯುಸಿಯಲ್ಲಿ ನಾನು ಫೇಲಾಗಿದ್ದೆ. ನಿನ್ನ ಅಜ್ಜನಿಗೆ...’

ಇಷ್ಟು ಬರೆಯುವುದಕ್ಕೆ ಅರ್ಧ ತಾಸು. ಟಿವಿಯ ಗದ್ದಲಕ್ಕೆ ಮುಂದಿನ ಸಾಲು ಹೊಳೆಯಲೊಲ್ಲದು. ಎದ್ದು ಆರಿಸಿ ಬಂದೆ.

ಏನೋ ಸಪ್ಪಳ. ಪಕ್ಕದ ಮನೆಯದಲ್ಲ. ಗಾರ್ಗಿಯ ಕೋಣೆಯಿಂದ.

ಅಳುತ್ತಿದ್ದಾಳೆ. ತಲೆದಿಂಬಿಗೆ ಬಾಯಿ ಒತ್ತಿಕೊಂಡು. ಇವತ್ತಷ್ಟೇ ಶುರುವಾದ ಅಳುವಲ್ಲ ಇದು. ಎಷ್ಟು ದಿನದಿಂದ... ದಿನಾ ಇದೇ ಹೊತ್ತಿಗೆ ನಾನು ಟಿವಿ

ಬರೆಯುವುದು ಸಾಕು. ಬಾಗಿಲು ತಟ್ಟಿ, ಕೆರೆಯ ದಂಡೆ, ಡಬ್ಬಿ, ಎಲ್ಲ ಬಾಯಿಂದಲೇ