ಅಕ್ಕ ಟೈಪು ಮಾಡಿದ ಪ್ರತಿ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ ತರಲೆ ತಮ್ಮನ ನಮಸ್ಕಾರ.

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರಿಸಲು ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಸಿಟ್ಟಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ, ಅದಕ್ಕೇ ಒಂದು ತಿಂಗಳು ಕಾದೆ. ಇನ್ನೂ ಇಳಿದಿಲ್ಲ, ಕ್ಷಮಿಸು. ಭಾವನ ಮಂಡಿನೋವು ಹೇಗಿದೆ? ನಿನ್ನ ಮಗಳು ಈಜು ಕಲಿತದ್ದು ಓದಿ ಖುಷಿಯಾಯಿತು.

ಫೋನಿನಲ್ಲಿ ಕೂಗಾಡಿದೆನೇ ಹೊರತು ಆ ದಿನ ಏನಾಯಿತೆಂದು ಸರಿಯಾಗಿ ಹೇಳಲಿಲ್ಲ. ನನ್ನ ‘ಎರಡು ಸೂರ್ಯರ ಊರು’ ಮರುಮುದ್ರಣಕ್ಕೆ ಬಂದಿತ್ತು. ಆ ಊರಲ್ಲಿ ಎಲ್ಲರಿಗೂ ಎರಡೆರಡು ನೆರಳು, ಅವನ್ನು ಕೂಡಿಸಿ ಹೊಲಿಯುವ ಇಬ್ಬರು ದರ್ಜಿಗಳು, ಆ ಇಬ್ಬರು ಗಂಡಸರ ಸಂಸಾರ. ಪ್ರಕಾಶಕರು ಕಳಿಸಿದ ಹೊಸ ರಕ್ಷಾಪುಟದಲ್ಲಿ ‘ಅಣ್ಣತಮ್ಮಂದಿರ ಬಾಂಧವ್ಯದ ಅಪೂರ್ವ ಕಥೆ’ ಎಂದಿತ್ತು. ವಿಮರ್ಶಕರೂ ಇಷ್ಟು ವರ್ಷ ಹೀಗೇ ಬರೆದದ್ದು. ಓದದೆ ಬರೆಯುವ ಬೃಹಸ್ಪತಿಗಳು ಎಂದು ಬೈದು ಸುಮ್ಮನಿದ್ದೆ. ಈ ಸಲ ತಡೆಯಲಾರದೆ ನೇರವಾಗಿ ಪ್ರಕಾಶಕರ ಕಚೇರಿಗೆ ನುಗ್ಗಿದೆ.

“ಸಾರ್, ನಾವು ಒಂದಕ್ಷರ ಮುಟ್ಟಿಲ್ಲ. ನಿಮ್ಮಕ್ಕ ಟೈಪ್ ಮಾಡಿ ಕಳಿಸಿದ್ದು ಇದೇ, ನೀವೇ ನೋಡಿ,” ಎಂದು ಬೀರುವಿನಿಂದ ಕಟ್ಟು ತೆಗೆದಿಟ್ಟರು.

ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಅರ್ಥವಾಗುವುದು ನಿನಗೊಬ್ಬಳಿಗೇ. ನಾನು ಬರೆದು ನಿನಗೆ ಕಳಿಸುವುದು, ನೀನು ಟೈಪು ಮಾಡಿ, ಕರಡನ್ನೂ ತಿದ್ದಿ ಮುಗಿಸುವುದು. ಅಚ್ಚಾದದ್ದನ್ನು ನಾನು ತೆರೆಯುವವನೇ ಅಲ್ಲ. ತಪ್ಪು ಕಂಡರೆ ಮೂರು ದಿನ ಊಟ ಸೇರುವುದಿಲ್ಲ. ಅಲ್ಲಿ ಅಲುಗಾಡುವ ಸ್ಟೂಲಿನ ಮೇಲೆ ಕೂತು ನನ್ನ ಕಾದಂಬರಿಯನ್ನು ಮೊದಲ ಸಲ ಓದಿದೆ ಅಕ್ಕಾ. ‘ಅವನ ಎದೆಗೊರಗಿ ಮಲಗಿದ’ ಎಂದು ನಾನು ಬರೆದಲ್ಲೆಲ್ಲ ಅಣ್ಣನಿಗೆ ಜ್ವರ, ತಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾನೆ. ಹನ್ನೆರಡು ಕಡೆ ಜ್ವರ! ಆ ಊರಿಗೊಬ್ಬ ಡಾಕ್ಟರನ್ನಾದರೂ ಕೊಡಬಾರದಿತ್ತೇ? ಎರಡು ಸೂರ್ಯರನ್ನು ನೀನು ಒಪ್ಪಿದೆ, ನೆರಳಿಗೆ ಗುಂಡಿ ಹೊಲಿದದ್ದನ್ನೂ ಒಪ್ಪಿದೆ. ಗಂಡಸು ಗಂಡಸನ್ನು ಪ್ರೀತಿಸುವುದು ಮಾತ್ರ ನಿನ್ನ ಬೆರಳಿಗೆ ಬರಲಿಲ್ಲ. ಉಳಿದವನ್ನೂ ತೆರೆದು ನೋಡಿದೆ, ನಾಲ್ಕೂ ಪುಸ್ತಕಗಳಲ್ಲಿ ಇದೇ ಕೆಲಸ ಮಾಡಿದ್ದೀಯ.

“ನಿನ್ನ ಒಳ್ಳೇದಕ್ಕೇ ಕಣೋ. ಮೇಷ್ಟ್ರ ಕೆಲಸ ಹೋದ್ರೆ ನಿನ್ ಗತಿ ಏನು ಅಂತ ಹೆದರಿದೆ,” ಎಂದು ನೀನು ಫೋನಿನಲ್ಲಿ ಅತ್ತುಬಿಟ್ಟೆ. ನಿನ್ನ ಹೆದರಿಕೆ ಸುಳ್ಳಲ್ಲ, ಗೊತ್ತು. ಆದರೆ ಒಂದು ಮಾತು ಕೇಳಬಹುದಿತ್ತಲ್ಲ?

ಅವತ್ತು ಕಚೇರಿಯಲ್ಲೇ, ಕೈಬರಹದ ಮೂಲವನ್ನೇ ಅಚ್ಚು ಹಾಕಿ ಎಂದೆ. ಪ್ರಕಾಶಕರು ಕನ್ನಡಕ ಒರೆಸಿಕೊಂಡು, “ಜನ ಮೆಚ್ಚಿರೋದೇ ಈ ಅಣ್ಣತಮ್ಮಂದಿರನ್ನ ಸಾರ್. ಅದು ಬೇಡ ಅಂದ್ರೆ ಪುಸ್ತಕಾನೇ ಬೇಡ ಬಿಡಿ,” ಎಂದರು. ಬೇಡವೆಂದರೆ ಬೇಡ ಎಂದು ಎದ್ದು ಬಂದೆ. ಇಪ್ಪತ್ತು ವರ್ಷ ಗಳಿಸಿದ ಹೆಸರೆಲ್ಲ ನಿನ್ನದೇ, ನಾನು ಬರೀ ಬೆಪ್ಪುತಕ್ಕಡಿ. ನೀನು ವಾಪಸು ಕಳಿಸಿದ ಮೂಲಪ್ರತಿಗಳು ತಲುಪಿದವು. ಒಂದು ಹಾಳೆಯೂ ಮುದುರದಂತೆ ಇಟ್ಟುಕೊಂಡಿದ್ದೀಯ. ಅದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ಈಗ ಒಂದೊಂದೇ ಬೆರಳಿನಲ್ಲಿ ನಾನೇ ಟೈಪು ಮಾಡುತ್ತಿದ್ದೇನೆ. ಯಾರು ಅಚ್ಚು ಹಾಕುತ್ತಾರೋ ಗೊತ್ತಿಲ್ಲ.

ಭಾವನಿಗೆ ನಮಸ್ಕಾರ. ಮಗಳಿಗೆ ನನ್ನ ಆಶೀರ್ವಾದ, ಆಳದ ಕಡೆ ಹೋಗಬೇಡ ಎನ್ನು. ನಿನ್ನನ್ನು ಬಿಟ್ಟಿರಲಾರೆ, ಸದ್ಯಕ್ಕೆ ಮುಖ ನೋಡಲೂ ಆರೆ. ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ತಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹನ್ನೊಂದು ವರ್ಷದಿಂದ ನನ್ನ ಜೊತೆ ಬಾಳುತ್ತಿರುವ ಗಡಿಯಾರ ರಿಪೇರಿಯವನು, ನೀನು ‘ನಿನ್ನ ರೂಮಿನವನು’ ಎನ್ನುತ್ತೀಯಲ್ಲ, ಅವನು ನನ್ನ ಅಚ್ಚಾದ ಪುಸ್ತಕಗಳನ್ನೆಲ್ಲ ಓದಿದ್ದಾನೆ. ಒಂದು ದಿನವೂ ತುಟಿ ಪಿಟಕ್ಕೆಂದಿರಲಿಲ್ಲ. ಮೊನ್ನೆ ಮೂಲಪ್ರತಿ ಓದಿ ಮುಗಿಸಿ ಬಹಳ ಹೊತ್ತು ಅತ್ತ. “ನಾನಂದ್ರೆ ನಿಂಗೆ ನಾಚಿಕೆ ಅಂದ್ಕೊಂಡಿದ್ದೆ ಕಣೋ. ಅದಕ್ಕೇ ಮನೆಗೆ ಯಾರಾದ್ರೂ ಬಂದಾಗೆಲ್ಲ ಎದ್ದು ಅಂಗಡಿಗೆ ಹೋಗ್ಬಿಡ್ತಿದ್ದೆ,” ಎಂದ.

ಅವನಿಗೆ ಅಂಗಡಿ ಎಂದರೆ ಪ್ರಾಣ ಎಂದು ನಾನು ಬಂದವರಿಗೆಲ್ಲ ನಗುತ್ತಾ ಹೇಳುತ್ತಿದ್ದೆ ಅಕ್ಕಾ.